ಲಿಯೋನಿನ ನೇಕಾರನಾದ ಜಾಕಾರ್ಡನು
ನಮ್ಮ ನೇಕಾರರು ಜಾಕಾರ್ಡ್ ಎಂದು ಕರೆಯುವ ಮಗ್ಗವು ಒಬ್ಬ ಮನುಷ್ಯನ ಹೆಸರನ್ನು ಹೊತ್ತಿದೆಯೆಂದು ವಾಚಕರಲ್ಲಿ ಎಷ್ಟು ಮಂದಿ ಬಲ್ಲರೋ ನಾವರಿಯೆವು. ಜೋಸೆಫ್ ಮರೀ ಜಾಕಾರ್ಡನು 1752ರಲ್ಲಿ ಫ್ರಾನ್ಸ್ ದೇಶದ ಲಿಯೋನ್ ಪಟ್ಟಣದಲ್ಲಿ ನೇಕಾರನ ಮಗನಾಗಿ ಹುಟ್ಟಿದನು. ಆ ಕಾಲದಲ್ಲಿ ರೇಷ್ಮೆಯಲ್ಲಿ ಹೂವಿನ ಚಿತ್ತಾರವನ್ನು ನೇಯುವಾಗ ಇನ್ನೊಬ್ಬನು, ಅನೇಕ ವೇಳೆ ಎಳೆಯ ಹುಡುಗನು, ದಿನವೆಲ್ಲಾ ಹಗ್ಗಗಳನ್ನೆಳೆದು ಹಾಸಿನ ಎಳೆಗಳನ್ನು ಎತ್ತಬೇಕಾಗಿತ್ತು. ಜಾಕಾರ್ಡನು ವೊಕಾನ್ಸನನೆಂಬವನ ಹಳೆಯ ಯಂತ್ರವನ್ನು ನೋಡಿ ಕಲಿತು, 1804ರಲ್ಲಿ ತೂತುಗಳುಳ್ಳ ರಟ್ಟುಗಳ ಸರಪಣಿಯಿಂದ ಆ ಕೆಲಸವನ್ನು ಮಾಡಿಸಿದನು: ತೂತಿದ್ದಲ್ಲಿ ಕೊಕ್ಕೆಯು ಎಳೆಯನ್ನೆತ್ತುವದು, ಇಲ್ಲದಲ್ಲಿ ಬಿಡುವದು. ಹೊಸ ಚಿತ್ತಾರಕ್ಕೆ ರಟ್ಟುಗಳನ್ನು ಬದಲಿಸಿದರೆ ಸಾಕು. ಕೂಲಿ ತಪ್ಪೀತೆಂದು ಲಿಯೋನಿನ ನೇಕಾರರು ಅವನನ್ನು ದ್ವೇಷಿಸಿದರು. ಹಸಿವಿನ ಆ ಭಯವನ್ನು ನಾವು ಹಳಿಯಲಾರೆವು. ಅವನು 1834ರಲ್ಲಿ ತೀರಿಕೊಂಡನು. 1840ರಲ್ಲಿ ಅದೇ ಪಟ್ಟಣದಲ್ಲಿ ಅವನ ಪ್ರತಿಮೆಯನ್ನು ನಿಲ್ಲಿಸಿದರು.