ಕಣ್ಣಿಲ್ಲದ ಮಕ್ಕಳಿಗೆ ನೆಲೆ ಕೊಟ್ಟ ಪಂಚಾಕ್ಷರ ಗವಾಯಿ
ಬಿಜ್ಜರಗಿಯಂಥ ಊರಾಗ ನೂರು ವರ್ಷದ ಹಿಂದೆ ಬಡವರ ಮನೆಯಲ್ಲಿ ಕಣ್ಣಿಲ್ಲದ ಮಗು ಹುಟ್ಟಿದರೆ, ಮುಂದೆ ಭಿಕ್ಷೆಯೇ ಗತಿ ಅಂತಿದ್ದರು. ಈಗಿನ ಹಾವೇರಿ ಜಿಲ್ಲೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನೂ ಹುಟ್ಟುಕುರುಡ. ಹಾನಗಲ್ಲ ಕುಮಾರಸ್ವಾಮಿಗಳು ಆತನನ್ನು ಸಂಗೀತ ಕಲಿಯಲು ಹಚ್ಚಿದರು. ಆತನೇ ಪಂಚಾಕ್ಷರ ಗವಾಯಿ.

ಕರ್ನಾಟಕಿ, ಹಿಂದೂಸ್ತಾನಿ ಎರಡೂ ಕಲಿತವರು ಕಛೇರಿ ಮಾಡ್ಕೊಂತ ಆರಾಮ ಇರಬಹುದಿತ್ತು. ಆದರೆ ಅಂಧ ಮಕ್ಕಳನ್ನ ಕಟ್ಟಿಕೊಂಡು ಊರೂರು ತಿರುಗಿದರು. ಪಾಠಶಾಲೆಯೂ ಬೆನ್ನಿಗೇ ತಿರುಗಿತು. ಭಕ್ತರು ಕೊಟ್ಟ ಕಾಳುಕಡಿಯಲ್ಲೇ ಎಲ್ಲರ ಊಟ. ಖರ್ಚಿಗಂತ ನಾಟಕ ಕಂಪನಿಯನ್ನೂ ನಡೆಸಿದರು. ಕಡೆಗೆ ಗದಗದಲ್ಲಿ ಬಸರಿಗಿಡದ ವೀರಪ್ಪನವರು ಜಾಗ ಕೊಟ್ಟರು, ವೀರೇಶ್ವರ ಪುಣ್ಯಾಶ್ರಮ ನೆಲೆನಿಂತಿತು. ಊಟ, ವಸತಿ, ಪಾಠ ಎಲ್ಲಾ ಪುಕ್ಕಟೆ.

1944ರಲ್ಲಿ ಗವಾಯಿಗಳು ತೀರಿಕೊಂಡರು. ಆಶ್ರಮದ ಹೊಣೆ ಹೊತ್ತ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಅವರು 2010ರವರೆಗೂ ನಡೆಸಿದರು. ಅಲ್ಲಿ ಪಾಠ ಇವತ್ತಿಗೂ ನಡೆದೈತಿ.