ಭಾಭಾ ಸಾವಿನ ಪಿತೂರಿ ಗೊತ್ತು, ಕೆಜಿಎಫ್‌ನ ಪ್ರಯೋಗ ಗೊತ್ತಾ?

ಜನವರಿ 24 ಬಂತಂದ್ರೆ ವಾಟ್ಸಾಪ್‌ನಲ್ಲಿ ಅದೇ ಫಾರ್ವರ್ಡ್: ಹೋಮಿ ಭಾಭಾ ಅವರನ್ನು ಸಿಐಎ ಮುಗಿಸಿತು ಅಂತ. 1966ರ ಆ ದಿನ ಏರ್ ಇಂಡಿಯಾದ ಬೋಯಿಂಗ್ 707 ಮಾಂಟ್ ಬ್ಲಾಂಕ್ ಪರ್ವತಕ್ಕೆ ಬಡಿದು 117 ಜನ ಸತ್ತರು. ಫ್ರೆಂಚ್ ತನಿಖೆ ಕೊಟ್ಟ ಕಾರಣ ಅಷ್ಟು ರೋಚಕವಾಗಿಲ್ಲ. ದಾರಿ ತೋರಿಸುವ ರೇಡಿಯೊ ರಿಸೀವರ್‌ಗಳಲ್ಲಿ ಒಂದು ಕೆಟ್ಟಿತ್ತು. ಪರ್ವತ ದಾಟಿದ್ದೇವೆ ಅಂದುಕೊಂಡು ಪೈಲಟ್ ವಿಮಾನ ಇಳಿಸತೊಡಗಿದರು. ನೆಲದಿಂದ ಬಂದ ತಿದ್ದುಪಡಿ ಅವರಿಗೆ ಸರಿಯಾಗಿ ಅರ್ಥವಾಗಲಿಲ್ಲ.

ಪಿತೂರಿ ಕಥೆಯಲ್ಲಿ ಒಬ್ಬ ಖಳನಾಯಕ ಇರ್ತಾನೆ, ಕೆಟ್ಟ ಯಂತ್ರದ ಕಥೆಯಲ್ಲಿ ಇರಲ್ಲ. ಅದಕ್ಕೇ ಮೊದಲನೆಯದು ಜಾಸ್ತಿ ಓಡುತ್ತೆ. ಆದರೆ ಭಾಭಾ ಬದುಕು ಅರ್ಥವಾಗಬೇಕಂದ್ರೆ ಕೈಗೆ ಸಿಗದ ಯಂತ್ರಗಳು, ಕೈಕೊಟ್ಟ ಯಂತ್ರಗಳ ಕಡೆ ನೋಡಬೇಕು.

1909ರ ಅಕ್ಟೋಬರ್ 30ರಂದು ಮುಂಬೈನ ಶ್ರೀಮಂತ ಪಾರ್ಸಿ ಮನೆಯಲ್ಲಿ ಹುಟ್ಟಿದವರು ಭಾಭಾ. 1927ರಲ್ಲಿ ಕೇಂಬ್ರಿಡ್ಜ್‌ಗೆ ಕಳಿಸಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಲಿಕ್ಕೆ. ಓದು ಮುಗಿಸಿ ಜಮ್‌ಷೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ಸೇರಲಿ ಅನ್ನೋದು ಮನೆಯವರ ಲೆಕ್ಕ. ಹುಡುಗನಿಗೆ ಮಾತ್ರ ಭೌತಶಾಸ್ತ್ರದ ಹುಚ್ಚು. ಮೊದಲು ಎಂಜಿನಿಯರಿಂಗ್‌ನಲ್ಲಿ ಫಸ್ಟ್ ಕ್ಲಾಸ್ ಬರಬೇಕು ಅನ್ನೋ ಷರತ್ತಿನ ಮೇಲೆ ಅಪ್ಪ ಒಪ್ಪಿದರು. ನಮ್ಮಲ್ಲಿ ಅರ್ಧ ಜನರ ಕಥೆ ಇದೇ ಅಲ್ವಾ! 1930ರಲ್ಲಿ ಷರತ್ತು ಪೂರೈಸಿ ಭೌತಶಾಸ್ತ್ರಕ್ಕೆ ಹೊರಳಿದರು. ವಿಶ್ವಕಿರಣಗಳು ವಾತಾವರಣಕ್ಕೆ ಬಡಿದು ಕಣಗಳ ಮಳೆ ಸುರಿಸುವುದು ಹೇಗೆ ಅಂತ 1937ರಲ್ಲಿ ಹೈಟ್ಲರ್ ಜೊತೆ ಸೇರಿ ಲೆಕ್ಕ ಹಾಕಿ ತೋರಿಸಿದರು.

1939ರಲ್ಲಿ ರಜೆಗೆ ಊರಿಗೆ ಬಂದಾಗ ಯುದ್ಧ ಶುರುವಾಗಿ ಇಲ್ಲೇ ಉಳಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿ.ವಿ. ರಾಮನ್ ಅವರ ವಿಭಾಗದಲ್ಲಿ ಕೆಲಸ ಸಿಕ್ಕಿತು. ಆಗ ಕಣಗಳನ್ನು ಒಡೆಯುವ ಯಂತ್ರ ಕಟ್ಟೋದು ಎಷ್ಟು ಕಷ್ಟ ಅನ್ನೋದಕ್ಕೆ ಕಲ್ಕತ್ತಾ ನೋಡಿ. ಮೇಘನಾದ ಸಹಾ ಅಲ್ಲಿ ಸೈಕ್ಲೊಟ್ರಾನ್ ಕಟ್ಟಲು ಹೊರಟಿದ್ದರು. ಅಮೆರಿಕದಿಂದ ಆಯಸ್ಕಾಂತ ಬಂತು, ವ್ಯಾಕ್ಯೂಮ್ ಪಂಪ್‌ಗಳಿದ್ದ ಹಡಗು ಯುದ್ಧದಲ್ಲಿ ಮುಳುಗಿತು. ಗಾಳಿ ತೆಗೆಯದೆ ಕಣ ಓಡಲ್ಲ. ಯಂತ್ರ ಎಷ್ಟೋ ವರ್ಷ ಹಿಂದೆ ಬಿತ್ತು.

ಭಾಭಾ ಹಿಡಿದ ದಾರಿ ಬೇರೆ. ಯಂತ್ರ ಇಲ್ಲದಿದ್ದರೇನು, ಆಕಾಶವೇ ಪುಕ್ಕಟೆ ಕಣ ಕಳಿಸುತ್ತಿದೆ. ಎಣಿಸುವ ಉಪಕರಣ ಮಾಡಿದರೆ ಸಾಕು. ಬೆಂಗಳೂರಿನ ಎಚ್‌ಎಎಲ್ ಆಗ ಅಮೆರಿಕದ ಯುದ್ಧವಿಮಾನಗಳ ರಿಪೇರಿ ಕೇಂದ್ರವಾಗಿತ್ತು. ಅಮೆರಿಕನ್ನರ ವಿಮಾನದಲ್ಲೇ ಗೈಗರ್ ಕೌಂಟರ್‌ಗಳನ್ನು ಮೇಲಕ್ಕೆ ಕಳಿಸಿ ಕಣಗಳನ್ನು ಅಳೆಸಿದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್, ಮೊದಲು ಕಣ್ಣುಬಿಟ್ಟಿದ್ದೂ ಬೆಂಗಳೂರಲ್ಲೇ. ಅದೇ ವರ್ಷ ಮುಂಬೈಗೆ ಹೋಯಿತು.

ಮೇಲಾಯಿತು, ಇನ್ನು ಕೆಳಗೆ. ನಂಜನಗೂಡಿನ ಬಿ.ವಿ. ಶ್ರೀಕಂಠನ್ 1948ರಲ್ಲಿ ಟಿಐಎಫ್‌ಆರ್ ಸೇರಿದಾಗ ಭಾಭಾ ಅವರನ್ನು ಕೋಲಾರದ ಚಿನ್ನದ ಗಣಿಗೆ ಹಚ್ಚಿದರು. ಎಷ್ಟು ಆಳದವರೆಗೆ ವಿಶ್ವಕಿರಣ ಇಳಿಯುತ್ತೆ? 1960ರ ದಶಕದ ಆರಂಭದಲ್ಲಿ ಸುಮಾರು 2.7 ಕಿಲೋಮೀಟರ್ ಕೆಳಗೆ ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯುವಾನ್ ಬರಲಿಲ್ಲ. ಬೇರೆ ಯಾರಾದರೂ ಪ್ರಯೋಗ ಸೋತಿತು ಅನ್ನುತ್ತಿದ್ದರು. ಶ್ರೀಕಂಠನ್, ಎಂ.ಜಿ.ಕೆ. ಮೆನನ್ ಮತ್ತು ಸಂಗಡಿಗರು ಓದಿದ್ದು ಬೇರೆ: ಇಷ್ಟು ಸದ್ದಿಲ್ಲದ ಜಾಗದಲ್ಲಿ ನ್ಯೂಟ್ರಿನೊ ಹಿಡಿಯಬಹುದು.

ಹೇಳಿದಷ್ಟು ಸಲೀಸಾಗಿರಲಿಲ್ಲ. ಅತಿ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಮೀರುತ್ತೆ. ಒತ್ತಡಕ್ಕೆ ಬಂಡೆಯೇ ಸಿಡಿಯುತ್ತೆ. ಸೀಸ, ಕಬ್ಬಿಣ, ಗಾಜಿನ ನಿಯಾನ್ ಕೊಳವೆ ಎಲ್ಲವೂ ಶಾಫ್ಟ್ ಮೂಲಕವೇ ಇಳಿಯಬೇಕು. ಕೇಜ್, ಗಾಳಿ, ಪಂಪ್ ನಡೆಸುತ್ತಿದ್ದವರು ಗಣಿ ಕಾರ್ಮಿಕರು. ಬಹುಪಾಲು ತಮಿಳು ಮಾತಾಡುವ ದಲಿತ ಕುಟುಂಬಗಳವರು. ಸಂಶೋಧನಾ ಪ್ರಬಂಧದಲ್ಲಿ ಅವರ ಹೆಸರು ಬರಲ್ಲ. 1965ರ ಆಗಸ್ಟ್‌ನಲ್ಲಿ ಟಿಐಎಫ್‌ಆರ್, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ತಂಡಗಳು 2.3 ಕಿಲೋಮೀಟರ್ ಆಳದಲ್ಲಿ ವಾತಾವರಣದ ನ್ಯೂಟ್ರಿನೊ ಕುರುಹು ಕಂಡದ್ದನ್ನು ಪ್ರಕಟಿಸಿದವು. ದಕ್ಷಿಣ ಆಫ್ರಿಕಾದ ಗಣಿಯಲ್ಲಿದ್ದ ರೈನ್ಸ್ ತಂಡಕ್ಕೆ ಕಣ ಮೊದಲು ಸಿಕ್ಕಿದ್ದರೂ ಪ್ರಕಟಣೆಯಲ್ಲಿ ನಮ್ಮವರು ಕೆಲವು ದಿನ ಮುಂದಿದ್ದರು. ಐದು ತಿಂಗಳಲ್ಲಿ ಭಾಭಾ ಇಲ್ಲವಾದರು.

ಅವರನ್ನು ದೇವರು ಮಾಡೋದೂ ಬೇಡ. ಪ್ರಧಾನಿಗೆ ಮಾತ್ರ ಉತ್ತರ ಕೊಡುವ ಅಣುಶಕ್ತಿ ಇಲಾಖೆ ಕಟ್ಟಿದವರು ಅವರೇ. ಅದರ ಸುತ್ತ 1948 ಮತ್ತು 1962ರ ಕಾಯ್ದೆಗಳು ಗೋಪ್ಯತೆಯ ಗೋಡೆ ಎಬ್ಬಿಸಿದವು. ತಪ್ಪನ್ನು ಬಹಿರಂಗವಾಗಿ ಮಾತಾಡುವ ಅಭ್ಯಾಸ ಅಂಥಲ್ಲಿ ಬೆಳೆಯೋದು ಕಷ್ಟ.

ಸರ್ನ್ ನೋಡಿ. 2008ರ ಸೆಪ್ಟೆಂಬರ್ 10ರಂದು 27 ಕಿಲೋಮೀಟರ್ ಉಂಗುರದ ಯಂತ್ರ ಶುರುವಾಯಿತು. ಒಂಬತ್ತೇ ದಿನಕ್ಕೆ ಎರಡು ಆಯಸ್ಕಾಂತಗಳ ನಡುವಿನ ಒಂದು ವಿದ್ಯುತ್ ಜೋಡಣೆ ಕರಗಿ, ಟನ್‌ಗಟ್ಟಲೆ ಹೀಲಿಯಂ ಸೋರಿ, ಐವತ್ತಕ್ಕೂ ಹೆಚ್ಚು ಆಯಸ್ಕಾಂತ ಹಾಳಾದವು. ತಿಂಗಳೊಳಗೆ ತನಿಖಾ ವರದಿ ಎಲ್ಲರ ಮುಂದಿತ್ತು. ವರ್ಷಕ್ಕೂ ಹೆಚ್ಚು ರಿಪೇರಿ ನಡೆಯಿತು. 2012ರಲ್ಲಿ ಅದೇ ಯಂತ್ರ ಹಿಗ್ಸ್ ಕಣ ತೋರಿಸಿತು.

ಕೆಜಿಎಫ್‌ನಲ್ಲಿ ಭಾಭಾ ನಂತರವೂ ಕೆಲಸ ನಿಂತಿರಲಿಲ್ಲ. 1980ರಲ್ಲಿ ಪ್ರೋಟಾನ್ ಒಡೆಯುತ್ತಾ ಅಂತ ನೋಡಲು 140 ಟನ್‌ನ ಯಂತ್ರ ಅದೇ ಕತ್ತಲಲ್ಲಿ ಎದ್ದಿತು. 1990ರ ದಶಕದ ಆರಂಭದಲ್ಲಿ ಪ್ರಯೋಗ ನಿಂತಿತು, 2001ರ ಫೆಬ್ರವರಿ 28ಕ್ಕೆ ಗಣಿಯೂ ಮುಚ್ಚಿತು. ಪಂಪ್ ನಿಂತ ಮೇಲೆ ನೀರು ಏರಿತು. ಇಲ್ಲಿ ಕೆಟ್ಟಿದ್ದು ಯಂತ್ರ ಅಲ್ಲ, ಚಿನ್ನದ ಲೆಕ್ಕಾಚಾರ. ಆ ಲೆಕ್ಕದಲ್ಲಿ ಕಾರ್ಮಿಕರ ಬದುಕಿಗೂ ಬೆಲೆ ಇರಲಿಲ್ಲ, ವಿಜ್ಞಾನಕ್ಕೂ ಇರಲಿಲ್ಲ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯವರಿಗೆ ಇದು ದೂರದ ಸುದ್ದಿ ಅಲ್ಲ. 1915ರಲ್ಲಿ ಚಿನ್ನ ಹುಡುಕಿಕೊಂಡು ಬಂದ ಎಂಜಿನಿಯರ್ ಬೀಡನ್‌ಗೆ ಮಸ್ಕಿಯಲ್ಲಿ ಸಿಕ್ಕಿದ್ದು ಅಶೋಕನ ಹೆಸರಿದ್ದ ಶಾಸನ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿ ಇವತ್ತೂ ನಡೀತಿದೆ. ಜಾರ್ಖಂಡ್‌ನ ಜಾದೂಗೋಡ ಯುರೇನಿಯಂ ಗಣಿಯಲ್ಲಿ 555 ಮೀಟರ್ ಕೆಳಗೆ ಸಣ್ಣದೊಂದು ಲ್ಯಾಬ್ ಇದೆ. ಹಟ್ಟಿಯಲ್ಲಿ ಯಾಕಿರಬಾರದು? ಕಾರ್ಮಿಕರ ಸುರಕ್ಷತೆ ಮೊದಲು, ಅದರ ಜೊತೆಗೇ ರಾಯಚೂರಿನ ಹುಡುಗ ಹುಡುಗಿಯರಿಗೆ ಒಂದು ಲ್ಯಾಬ್: ನಮ್ಮ ಶಾಸಕರು, ಸಂಸದರ ಮುಂದೆ ಇಡಬೇಕಾದ ಬೇಡಿಕೆ ಇದು. ಗಣಿ ನಡೀತಿರುವಾಗಲೇ ಕೇಳಬೇಕು. ಪಂಪ್ ನಿಂತ ಮೇಲೆ ಕೇಳಿ ಉಪಯೋಗ ಇಲ್ಲ.