ಬರಿಗಾಲಿನ ಅಹ್ಮದ್ ಖಾನ್, ಗುಬ್ಬಿಯವರ ಈಸ್ಟ್ ಬೆಂಗಾಲ್

ಮರ್ಹೂಂ ಅಹ್ಮದ್ ಖಾನ್ ಹುಟ್ಟಿದ್ದು 1926ರ ಡಿಸೆಂಬರ್ 24ರಂದು, ಬೆಂಗಳೂರಿನಲ್ಲಿ. ಫುಟ್ಬಾಲ್ ಅವರಿಗೆ ಮನೆಯಿಂದಲೇ ಬಂದದ್ದು. ತಂದೆ ಬಾಬಾ ಖಾನ್ ಬೆಂಗಳೂರು ಕ್ರೆಸೆಂಟ್ಸ್ ತಂಡದ ಆಟಗಾರ. ಅಣ್ಣತಮ್ಮಂದಿರಿಗೂ ಚೆಂಡಿನದ್ದೇ ಹುಚ್ಚು.

ಅಹ್ಮದ್‌ಗೆ ಹತ್ತು ವರ್ಷವಾಗಿದ್ದಾಗ, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂತು. ಅಲ್ಲಿವರೆಗೆ ಆ ಕಪ್ಪು ಬ್ರಿಟಿಷ್ ಪಟಾಲಂಗಳ ಸೊತ್ತು ಎಂಬಂತಿತ್ತು. ಫೈನಲ್‌ನಲ್ಲಿ ಎದುರಿಗಿದ್ದವರು ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್. ಅವರೇನು ಸಾಮಾನ್ಯರಲ್ಲ. 1934ರಲ್ಲಿ ಕಲ್ಕತ್ತಾ ಲೀಗ್ ಗೆದ್ದ ಮೊದಲ ಭಾರತೀಯ ತಂಡ, 1938ರವರೆಗೆ ಸತತ ಐದು ಸಲ ಗೆದ್ದವರು. ಆ ಕಾಲದಲ್ಲಿ ದೇಶದ ಯಾವ ಮೂಲೆಯಲ್ಲಿ ಮುಸಲ್ಮಾನರ ಮನೆಯಿದ್ದರೂ ಅಲ್ಲಿ ಮೊಹಮ್ಮಡನ್ ಹೆಸರು ಗೊತ್ತಿತ್ತು. ಅಂಥವರನ್ನು ನಮ್ಮ ಬೆಂಗಳೂರಿನ ಹುಡುಗರು ಒಂದು ಗೋಲಿನಿಂದ ಸೋಲಿಸಿದರು. ಮರುವರ್ಷ ಮತ್ತೆ ಅದೇ ಕಪ್ಪು. ಇದನ್ನೆಲ್ಲ ಕೇಳಿಕೊಂಡು ಬೆಳೆದ ಅಹ್ಮದ್ ಮುಂದೆ ಅದೇ ಬೆಂಗಳೂರು ಮುಸ್ಲಿಮ್ಸ್ ಅಂಗಿ ತೊಟ್ಟರು.

ಅವರು ಆಡುತ್ತಿದ್ದದ್ದು ಮುಂಚೂಣಿಯ ಎಡಗಡೆ, ಬರಿಗಾಲಲ್ಲಿ. ಚೆಂಡು ಕಾಲಿಗೆ ಅಂಟಿಕೊಂಡ ಹಾಗೆ ಹೋಗುವುದು ಕಂಡು ಜನ ಅವರಿಗೆ ಹಾವಾಡಿಗ ಅಂತ ಹೆಸರಿಟ್ಟರು. ಓಟದ ವೇಗಕ್ಕಿಂತ ಮೈ ತಿರುಗಿಸಿ ಎದುರಾಳಿಯನ್ನು ಯಾಮಾರಿಸುವುದರಲ್ಲಿ ಅವರ ಕೈ, ಅಲ್ಲ ಕಾಲು, ಪಳಗಿತ್ತು.

1948ರಲ್ಲಿ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ತಂಡದಲ್ಲಿ ಅಹ್ಮದ್ ಇದ್ದರು, ವಯಸ್ಸು ಇಪ್ಪತ್ತೊಂದು. ಜುಲೈ 31ರಂದು ಫ್ರಾನ್ಸ್ ವಿರುದ್ಧ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಇಳಿದರು. ಸಿಕ್ಕ ಎರಡು ಪೆನಾಲ್ಟಿಯೂ ಕೈತಪ್ಪಿ, 1-2ರಲ್ಲಿ ಸೋತರು. ಆದರೂ ಆಟ ನೋಡಿದ ಬ್ರಿಟಿಷರು ಮೆಚ್ಚಿದರು. ಅದೇ ವರ್ಷ ಬೆಂಗಳೂರು ಮುಸ್ಲಿಮ್ಸ್ ಫೈನಲ್‌ನಲ್ಲಿ ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಮತ್ತೊಮ್ಮೆ ರೋವರ್ಸ್ ಕಪ್ ತಂದಿತು. 1949ರಲ್ಲಿ ಅಹ್ಮದ್ ಕಲ್ಕತ್ತಾ ರೈಲು ಹತ್ತಿದರು. ಇಳಿದದ್ದು ಮೊಹಮ್ಮಡನ್ ಸ್ಪೋರ್ಟಿಂಗ್ ಅಂಗಳದಲ್ಲಲ್ಲ, ಈಸ್ಟ್ ಬೆಂಗಾಲ್ ಅಂಗಳದಲ್ಲಿ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ದೇಶ ಒಡೆದು ಎರಡೇ ವರ್ಷ. ಈಸ್ಟ್ ಬೆಂಗಾಲ್ ತಂಡದ ಹಿಂದೆ ನಿಂತವರಲ್ಲಿ ಬಹುಪಾಲು ಪೂರ್ವ ಬಂಗಾಳದಲ್ಲಿ ಮನೆ, ಗದ್ದೆ, ಎಲ್ಲ ಬಿಟ್ಟು ಓಡಿ ಬಂದ ಹಿಂದೂ ನಿರಾಶ್ರಿತರು. ಸಿಯಾಲ್ದಾ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲೇ ಸಂಸಾರ ಹೂಡಿದವರೂ ಆ ಜನರಲ್ಲಿ ಇದ್ದರು. ಅವರಿಗೆ ಉಳಿದಿದ್ದ ಒಂದು ಹೆಮ್ಮೆ ಅಂದರೆ ತಮ್ಮ ಊರಿನ ಹೆಸರು ಹೊತ್ತ ಈ ಕ್ಲಬ್ಬು. ಅಂಥವರು ಬೆಂಗಳೂರಿನ ಒಬ್ಬ ಮುಸಲ್ಮಾನ ಹುಡುಗನನ್ನು ತಲೆಯ ಮೇಲೆ ಹೊತ್ತು ಕುಣಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ, ಅಹ್ಮದ್ ಖಾನ್, ಐದೂ ಜನ ದಕ್ಷಿಣದವರು, ಅದರಲ್ಲಿ ಇಬ್ಬರು ಮುಸ್ಲಿಮರು. ಈ ಐವರಿಗೆ ಕಲ್ಕತ್ತಾದವರು ಇಟ್ಟ ಹೆಸರು ಪಂಚಪಾಂಡವರು! ಯಾರ ಮನೆ ಸುಟ್ಟಿದ್ದು ಯಾರಿಂದ ಅನ್ನೋ ಲೆಕ್ಕ ಊರೆಲ್ಲ ನಡೆಯುತ್ತಿದ್ದ ಹೊತ್ತಿನಲ್ಲಿ ಮೈದಾನದೊಳಗೆ ಬೇರೆಯೇ ಲೆಕ್ಕ ನಡೆದಿತ್ತು. ನಮಗೆ ಅಹ್ಮದ್ ಖಾನ್ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣೋದು ಇದೇ, ಕಪ್ಪುಗಳಲ್ಲ.

ಕಪ್ಪುಗಳೂ ಕಮ್ಮಿಯೇನಿಲ್ಲ. 1949ರಲ್ಲಿ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಮೂರೂ ಒಟ್ಟಿಗೆ. ಶೀಲ್ಡ್ 1950, 1951ರಲ್ಲೂ. 1951, 1952ರಲ್ಲಿ ಡ್ಯುರಾಂಡ್. 1951ರ ಮಾರ್ಚ್‌ನಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಇರಾನ್ ತಂಡವನ್ನು 1-0ರಲ್ಲಿ ಸೋಲಿಸಿ ಚಿನ್ನ ಗೆದ್ದ ಭಾರತ ತಂಡದಲ್ಲೂ ಅವರಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಮಾತ್ರ ಕಹಿ. ಆ ಚಳಿಯಲ್ಲಿ ಯುಗೋಸ್ಲಾವಿಯಾ ಹತ್ತು ಗೋಲು ಹೊಡೆಯಿತು. ಭಾರತದ ಒಂದೇ ಗೋಲು ಆಟ ಮುಗಿಯುವ ಹೊತ್ತಿಗೆ ಬಂತು, ಹೊಡೆದದ್ದು ಅಹ್ಮದ್ ಖಾನ್. ಸೋತಾಗಿದೆ ಅಂತ ಕೈಚೆಲ್ಲದೆ ಕೊನೆವರೆಗೂ ಓಡಿದ್ದಕ್ಕೆ ಸಿಕ್ಕಿದ ಗೋಲು ಅದು. ಅದಾದ ಮೇಲೆ ಬೂಟು ಕಡ್ಡಾಯವಾಯಿತು.

ಈಗ ನಮ್ಮೂರಿನ ಕಡೆಯ ಮಾತು. ಘಟ್ಟ ಹತ್ತಿ ಬಂದು ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಅಂಗಡಿ, ಹೋಟೆಲ್ ಇಟ್ಟ ನಮ್ಮವರಿಗೆ ಸಾಮಾನಿಗೆ ಬೆಂಗಳೂರೇ ಗತಿ. ಗುಬ್ಬಿಯಲ್ಲಿ ನಾವು ಅಜ್ಜ ಅಂತ ಕರೆಯುವ ಹಿರಿಯರೊಬ್ಬರಿದ್ದಾರೆ. ಹತ್ತು ವರ್ಷದ ಹುಡುಗನಾಗಿದ್ದಾಗ ಉಪ್ಪನ ಜೊತೆ ರೈಲಲ್ಲಿ ಬೆಂಗಳೂರಿಗೆ ಹೋಗಿ, ಅಹ್ಮದ್ ಖಾನ್ ಆಡೋದನ್ನು ಒಂದೇ ಒಂದು ಸಲ ನೋಡಿದ್ದರಂತೆ. ಅಷ್ಟೇ. ಅಹ್ಮದ್ ಕಲ್ಕತ್ತಾಗೆ ಹೋದಾಗ ಈ ಹುಡುಗನ ಮನಸ್ಸೂ ಹಿಂದೆಯೇ ಹೋಯಿತು. ಈಸ್ಟ್ ಬೆಂಗಾಲ್‌ಗೂ ಮೊಹಮ್ಮಡನ್‌ಗೂ ಪಂದ್ಯ ಬಿದ್ದಾಗಲೇ ಕಷ್ಟ. ಮಸೀದಿ ಕಟ್ಟೆಯಲ್ಲಿ ಎಲ್ಲರೂ ಮೊಹಮ್ಮಡನ್ ಕಡೆ, ಇವರೊಬ್ಬರೇ ಆ ಕಡೆ. ಬೈಗುಳ ತಿಂದರೂ ಪಕ್ಷ ಬಿಡಲಿಲ್ಲ. ನಮ್ಮ ಬೆಂಗಳೂರಿನವನು ಎಲ್ಲಿ ಆಡ್ತಾನೋ ಅದೇ ನಮ್ಮ ಟೀಮು ಅಂತ ಅವರ ವಾದ. ಅಹ್ಮದ್ 1959ರಲ್ಲಿ ಆ ಕ್ಲಬ್ಬಿನ ಆಟ ಮುಗಿಸಿದ ಮೇಲೆ ಆ ವಾದಕ್ಕೆ ಆಧಾರವೇ ಇರಲಿಲ್ಲ, ಆದರೆ ಅಷ್ಟರಲ್ಲಿ ಕೆಂಪು-ಹಳದಿ ಬಣ್ಣ ಮೈಗೆ ಹತ್ತಿಬಿಟ್ಟಿತ್ತು. ಈಸ್ಟ್ ಬೆಂಗಾಲ್ ಗೆದ್ದ ದಿನ ಕಲ್ಕತ್ತಾದವರು ಇಲಿಶ್ ಮೀನು ತಿನ್ನುತ್ತಾರೆ. ಗುಬ್ಬಿಯಲ್ಲಿ ಇಲಿಶ್ ಎಲ್ಲಿಂದ ಬರಬೇಕು? ಮಂಗಳೂರಿಂದ ಐಸ್ ಪೆಟ್ಟಿಗೆಯಲ್ಲಿ ಬರುವ ಬಂಗುಡೆಯಲ್ಲೇ ಅಜ್ಜ ಆ ಹರಕೆ ತೀರಿಸಿದವರು.

ಅರ್ಜುನ ಪ್ರಶಸ್ತಿ ಶುರುವಾದದ್ದು 1961ರಲ್ಲಿ, ಅಹ್ಮದ್ ಆಟ ನಿಲ್ಲಿಸಿ ಎರಡು ವರ್ಷಕ್ಕೆ. ಅವರು 2017ರ ಆಗಸ್ಟ್ 27ರಂದು, ತೊಂಬತ್ತು ವರ್ಷ ತುಂಬಿದ ಮೇಲೆ, ಬೆಂಗಳೂರಿನಲ್ಲೇ ತೀರಿಕೊಂಡರು. 2024ರ ಜನವರಿಯಲ್ಲಿ ಈಸ್ಟ್ ಬೆಂಗಾಲ್ ಒಡಿಶಾ ತಂಡವನ್ನು 3-2ರಲ್ಲಿ ಸೋಲಿಸಿ ಸೂಪರ್ ಕಪ್ ಗೆದ್ದಾಗ ಅಜ್ಜ ಮೊಮ್ಮಕ್ಕಳ ಮೊಬೈಲಲ್ಲಿ ಪೂರ್ತಿ ನೋಡಿದರು. ಮೊಮ್ಮಕ್ಕಳೆಲ್ಲ ಬೆಂಗಳೂರು ಎಫ್‌ಸಿ ಕಡೆ. ಕಂಠೀರವದಲ್ಲಿ ಎರಡೂ ತಂಡ ಎದುರಾದ ದಿನ ಆ ಮನೆಯಲ್ಲಿ ಅಜ್ಜ ಮತ್ತೆ ಒಬ್ಬರೇ.